ಮುಳುಗಿದ ಊರಿನ ವಿಳಾಸ

ನಿಮ್ಮ ತಂದೆಯವರ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ, ಅವರ ಸೇನಾ ಸೇವಾ ದಾಖಲೆಯಲ್ಲಿ ಜಿಲ್ಲೆ ಇನ್ನೂ ಬಿಜಾಪುರ ಎಂದೇ ಇದೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅವರು ನಿವೃತ್ತರಾದ ಮೇಲೆ. ಇದು ಯಾರ ತಪ್ಪೂ ಅಲ್ಲ. ಆದರೂ ಈಗಲೇ ಸರಿಪಡಿಸಿಕೊಳ್ಳಿ. ನಾಳೆ ಕುಟುಂಬ ಪಿಂಚಣಿಗಾಗಿ ನಿಮ್ಮ ತಾಯಿಯವರು ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು.

ನೀವೀಗ ಇರುವ ಪುಣೆಯ ಮನೆಯ ವಿಳಾಸವನ್ನು ರಕ್ಷಣಾ ಪಿಂಚಣಿಯ ‘ಸ್ಪರ್ಶ್’ ಪೋರ್ಟಲ್‌ನಲ್ಲಿ ನೀವೇ ಬದಲಿಸಬಹುದು. ಅಷ್ಟಕ್ಕೇ ಸೇವಾ ದಾಖಲೆಯ ಕಾಯಂ ವಿಳಾಸ ಬದಲಾಯಿತೆಂದು ತಿಳಿಯಬೇಡಿ, ಅನೇಕರು ಎಡವುವುದು ಇಲ್ಲೇ. ಅದಕ್ಕೆ ಅವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೇ ಬರೆಯಬೇಕು. ತಂದೆಯವರು ಬಾಂಬೆ ಸ್ಯಾಪರ್ಸ್‌ನವರಾದ್ದರಿಂದ ಆ ಕಚೇರಿ ನಿಮಗೆ ಹತ್ತಿರದ ಖಡ್ಕಿಯಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಾಗಿದ್ದರೆ ಬೆಳಗಾವಿಗೆ ಬರೆಯಬೇಕಿತ್ತು.

ಅರ್ಜಿಗೆ ತಂದೆಯವರೇ ಸಹಿ ಹಾಕಲಿ. ಸೇನಾ ಸಂಖ್ಯೆ, ರ‍್ಯಾಂಕ್, ಹೆಸರು, ಮುಳುಗಿದ ಊರಿನ ಹಳೆಯ ವಿಳಾಸ ಮತ್ತು ಪುನರ್ವಸತಿ ಕೇಂದ್ರದ ಹೊಸ ವಿಳಾಸ ಸ್ಪಷ್ಟವಾಗಿರಲಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್ ನಕಲುಗಳನ್ನಿಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಪುನರ್ವಸತಿ ಕೇಂದ್ರದ ನಿವೇಶನದ ಹಕ್ಕುಪತ್ರ; ಮುಳುಗಿದ ಊರಿನವರೇ ಹೊಸ ಊರಲ್ಲಿದ್ದಾರೆಂದು ಹೇಳುವ ಕಾಗದ ಅದು. ಸಿಗದಿದ್ದರೆ ತಹಶೀಲ್ದಾರರಿಂದ ದೃಢೀಕರಣ ಪಡೆಯಿರಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಮಾತ್ರ ನೀವಾಗಿ ಒಂದಕ್ಷರವನ್ನೂ ತಿದ್ದಬೇಡಿ. ಅರ್ಜಿ ಕೊಟ್ಟಾಗ ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.