ವಿಮಾನ ಪ್ರಯಾಣಕ್ಕೆ ‘ಸ್ಮಾರ್ಟ್’ ಸೂಟ್‌ಕೇಸ್: ಕೊಂಡರೆ ಲಾಭವೇ?

ಹತ್ತರಗಿಯ ಟೋಲ್ ನಾಕೆಯನ್ನು ದಾಟಿ ಬೆಳಗಾವಿಯತ್ತ ಸಾಗುವ ವಾಹನಗಳಲ್ಲಿ ಈಗ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೊರಟವೂ ಇರುತ್ತವೆ. ಅಲ್ಲಿ 2017ರಲ್ಲಿ ಹೊಸ ಟರ್ಮಿನಲ್ ಕಟ್ಟಡ ತೆರೆಯಿತು. 2019ರಲ್ಲಿ ‘ಉಡಾನ್’ ಯೋಜನೆಯಡಿ ಹೊಸ ಮಾರ್ಗಗಳು ಸೇರಿಕೊಂಡವು. ಅಂದಿನಿಂದ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ವ್ಯಾಪಾರಸ್ಥರಿಗೆ ವಿಮಾನ ಪ್ರಯಾಣವು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹಿಂದಿನ ಪೀಳಿಗೆಯವರು ಹೋಲ್ಡಾಲ್ ಸುತ್ತಿ, ತಗಡಿನ ಟ್ರಂಕಿಗೆ ಹಗ್ಗ ಬಿಗಿದು ಮುಂಬಯಿಯ ಬಸ್ಸು ಹತ್ತುತ್ತಿದ್ದರು. ಇಂದಿನವರ ಮುಂದೆ ಅಂಗಡಿಯವನು ‘ಸ್ಮಾರ್ಟ್’ ಸೂಟ್‌ಕೇಸ್ ಒಂದನ್ನು ನಿಲ್ಲಿಸಿ, ಇದು ತಾನೆಲ್ಲಿರುವೆನೆಂದು ತಾನೇ ಹೇಳುತ್ತದೆ, ತನ್ನ ತೂಕವನ್ನು ತಾನೇ ತೋರಿಸುತ್ತದೆ, ಮೊಬೈಲನ್ನೂ ಚಾರ್ಜ್ ಮಾಡುತ್ತದೆ ಎನ್ನುತ್ತಾನೆ. ಬೆಲೆಯಾದರೋ ಸಾಧಾರಣ ಸೂಟ್‌ಕೇಸಿನ ಹಲವು ಪಟ್ಟು. ಇದನ್ನು ಕೊಳ್ಳಬೇಕೇ, ಬಿಡಬೇಕೇ ಎಂಬುದನ್ನು ಲೆಕ್ಕಾಚಾರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಬ್ಯಾಟರಿಯ ಪಾಠ

ಸ್ಮಾರ್ಟ್ ಸೂಟ್‌ಕೇಸಿನ ಸಕಲ ಜಾಣತನಕ್ಕೂ ಮೂಲ ಅದರೊಳಗಿನ ಲಿಥಿಯಂ ಬ್ಯಾಟರಿ. ಅದರ ಸಕಲ ತೊಂದರೆಗೂ ಮೂಲ ಅದೇ. ಲಿಥಿಯಂ ಬ್ಯಾಟರಿಯು ಕೆಟ್ಟು ಕಾದರೆ ಒಂದು ಕೋಶದ ಶಾಖ ಮುಂದಿನ ಕೋಶಕ್ಕೆ ಹಬ್ಬಿ, ಬೆಂಕಿ ತಾನಾಗಿಯೇ ಮುಂದುವರಿಯುತ್ತದೆ. ಪ್ರಯಾಣಿಕರ ಕೋಣೆಯಲ್ಲಿ ಹೀಗಾದರೆ ಸಿಬ್ಬಂದಿ ನೀರು ಸುರಿದು ತಣಿಸಬಲ್ಲರು. ವಿಮಾನದ ಹೊಟ್ಟೆಯಲ್ಲಿರುವ ಸಾಮಾನು ಕೋಣೆಗೆ ಹಾರಾಟದ ವೇಳೆ ಯಾರೂ ಇಳಿಯಲಾರರು. ಅಲ್ಲಿನ ಹ್ಯಾಲಾನ್ ಅನಿಲವು ಜ್ವಾಲೆಯನ್ನು ಅಡಗಿಸಬಹುದು, ಬ್ಯಾಟರಿಯನ್ನು ತಣಿಸಲಾರದು. ಪವರ್ ಬ್ಯಾಂಕನ್ನು ಕೈಸಾಮಾನಿನಲ್ಲಿಯೇ ಒಯ್ಯಬೇಕು, ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಕೂಡದು ಎಂಬ ನಿಯಮ ಹುಟ್ಟಿದ್ದು ಇದರಿಂದಲೇ.

ಬ್ಯಾಟರಿಯ ಶಕ್ತಿಯನ್ನು ವಿಮಾನ ಸಂಸ್ಥೆಗಳು ವ್ಯಾಟ್-ಗಂಟೆಯಲ್ಲಿ ಅಳೆಯುತ್ತವೆ. ಅಂಗಡಿಯಲ್ಲಿ ಹೇಳುವುದು ಮಿಲಿ-ಆಂಪಿಯರ್ ಲೆಕ್ಕ. ಒಂದನ್ನು ಇನ್ನೊಂದಕ್ಕೆ ತಿರುಗಿಸುವುದು ಸುಲಭ: ಮಿಲಿ-ಆಂಪಿಯರ್ ಸಂಖ್ಯೆಯನ್ನು 1,000ದಿಂದ ಭಾಗಿಸಿ, ವೋಲ್ಟೇಜಿನಿಂದ, ಅಂದರೆ ಸಾಮಾನ್ಯವಾಗಿ 3.7ರಿಂದ ಗುಣಿಸಬೇಕು. 10,000ದ ಬ್ಯಾಟರಿ 37 ವ್ಯಾಟ್-ಗಂಟೆ, 20,000ದ್ದು 74, 27,000ದ್ದು ಹೆಚ್ಚುಕಡಿಮೆ 100. ನೂರರವರೆಗೆ ಕೈಸಾಮಾನಿನಲ್ಲಿ ಒಯ್ಯಲು ಅಡ್ಡಿಯಿಲ್ಲ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಮುಂಗಡ ಒಪ್ಪಿಗೆ ಬೇಕು. ಅದಕ್ಕೂ ಮೇಲ್ಪಟ್ಟದ್ದು ಪ್ರಯಾಣಿಕರ ಸಾಮಾನಿನಲ್ಲಿ ಸಲ್ಲದು.

ಸೂಟ್‌ಕೇಸಿನ ಬ್ಯಾಟರಿಗೆ ಇನ್ನೂ ಒಂದು ಷರತ್ತಿದೆ. ಅದು ಬಿಚ್ಚಲು ಬರುವಂತಿರಬೇಕು. ಪೆಟ್ಟಿಗೆಯನ್ನು ಕೌಂಟರಿಗೆ ಒಪ್ಪಿಸುವುದಾದರೆ ಬ್ಯಾಟರಿಯನ್ನು ಬಿಚ್ಚಿ ತಮ್ಮೊಡನೆ ಒಯ್ಯಬೇಕು. ಬಿಚ್ಚಲಾಗದ ಬ್ಯಾಟರಿ 2.7 ವ್ಯಾಟ್-ಗಂಟೆಯನ್ನು ಮೀರಿದರೆ ಅಂತಹ ಪೆಟ್ಟಿಗೆಗೆ ವಿಮಾನದಲ್ಲಿ ಜಾಗವೇ ಇಲ್ಲ. ಮೇಲಿನ ಸೂತ್ರದ ಪ್ರಕಾರ 2.7 ಎಂದರೆ ಸುಮಾರು 730 ಮಿಲಿ-ಆಂಪಿಯರ್ ಅಷ್ಟೆ. ಬೆರಳಚ್ಚಿನ ಬೀಗಕ್ಕೆ ಇದು ಸಾಕಾದೀತು, ಮೊಬೈಲ್ ಚಾರ್ಜಿಗೆ ಸಾಲದು.

ಈ ಷರತ್ತು ಎಷ್ಟು ಕಠಿಣವೆಂಬುದನ್ನು ಬ್ಲೂಸ್ಮಾರ್ಟ್ ಕಂಪನಿಯ ಕಥೆ ತೋರಿಸುತ್ತದೆ. 2014ರಲ್ಲಿ ಈ ಕಂಪನಿಯು ಇಂಡಿಗೋಗೋ ಎಂಬ ತಾಣದ ಮೂಲಕ ಜನರಿಂದ ಮುಂಗಡವಾಗಿಯೇ 20 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿತು. ಅದರ ಪೆಟ್ಟಿಗೆಯ ಬ್ಯಾಟರಿ ಬಿಚ್ಚಲು ಬರುವಂಥದಾಗಿರಲಿಲ್ಲ. 2018ರ ಜನವರಿ 15ರಿಂದ ಅಮೆರಿಕನ್, ಡೆಲ್ಟಾ ಹಾಗೂ ಅಲಾಸ್ಕಾ ವಿಮಾನ ಸಂಸ್ಥೆಗಳು ಅಂತಹ ಪೆಟ್ಟಿಗೆಗಳನ್ನು ನಿಷೇಧಿಸಿದವು. ಅದೇ ವರ್ಷದ ಮೇ ತಿಂಗಳಲ್ಲಿ ಬ್ಲೂಸ್ಮಾರ್ಟ್ ಬಾಗಿಲು ಮುಚ್ಚಿತು. ತಯಾರಿಕೆ, ಮಾರಾಟ, ಖಾತರಿ ಸೇವೆ ಎಲ್ಲವೂ ನಿಂತವು. ನ್ಯೂಯಾರ್ಕಿನ ರೇಡನ್ ಎಂಬ ಇನ್ನೊಂದು ಕಂಪನಿಯೂ ಅದೇ ತಿಂಗಳು ವ್ಯವಹಾರ ಮುಗಿಸಿತು. ಸಾಧಾರಣ ಸೂಟ್‌ಕೇಸ್ ಮಾಡಿದ ಕಂಪನಿ ಮುಳುಗಿದರೂ ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಇರುತ್ತದೆ. ಸ್ಮಾರ್ಟ್ ಪೆಟ್ಟಿಗೆ ಹಾಗಲ್ಲ. ಅದರ ಅರ್ಧ ಜೀವ ಕಂಪನಿಯ ಗಣಕಯಂತ್ರಗಳಲ್ಲಿರುತ್ತದೆ. ಕೊಳ್ಳುವವರು ಪೆಟ್ಟಿಗೆಯ ಗಟ್ಟಿತನದಷ್ಟೇ ಕಂಪನಿಯ ಗಟ್ಟಿತನವನ್ನೂ ನೋಡಬೇಕಾಗುತ್ತದೆ.

ಇತ್ತೀಚೆಗೆ ನಿಯಮಗಳು ಇನ್ನಷ್ಟು ಬಿಗಿಯಾಗಿವೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಏರ್ ಬುಸಾನ್ ವಿಮಾನವೊಂದು ನೆಲದ ಮೇಲಿರುವಾಗಲೇ ಹೊತ್ತಿ ಉರಿಯಿತು. ತನಿಖಾಧಿಕಾರಿಗಳ ಸಂಶಯ ಪವರ್ ಬ್ಯಾಂಕಿನ ಮೇಲೆ ಬಿದ್ದಿತು. ಎಮಿರೇಟ್ಸ್ ಸಂಸ್ಥೆಯು 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್ ಎಂದು ಮಿತಿಗೊಳಿಸಿ, ಹಾರಾಟದಲ್ಲಿ ಅದನ್ನು ಬಳಸುವುದನ್ನೇ ನಿಷೇಧಿಸಿತು. ದುಬೈ ಮಾರ್ಗವಾಗಿ ಯುರೋಪಿನ ಪ್ರದರ್ಶನಗಳಿಗೆ ಹೋಗುವ ನಮ್ಮ ಭಾಗದ ಉದ್ಯಮಿಗಳಿಗೆ ಇದು ನೇರವಾಗಿ ತಟ್ಟುವ ವಿಷಯ. ವಿಮಾನದಲ್ಲಿ ಬಳಸಲಾಗದ ಚಾರ್ಜರಿಗೆ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ.

ಸಾಂಬ್ರಾದ ವಿಮಾನ, ಏಳು ಕಿಲೋದ ಲೆಕ್ಕ

‘ನಾನು ಪೆಟ್ಟಿಗೆಯನ್ನು ಒಪ್ಪಿಸುವುದೇ ಇಲ್ಲ, ಕೈಯಲ್ಲಿಯೇ ಒಯ್ಯುತ್ತೇನೆ’ ಎಂದು ಕೆಲವರು ಹೇಳಬಹುದು. ದೊಡ್ಡ ಏರ್‌ಬಸ್ ವಿಮಾನದಲ್ಲಿ ಇದು ನಡೆಯುತ್ತದೆ. ಆದರೆ ಪ್ರಾದೇಶಿಕ ಮಾರ್ಗಗಳಲ್ಲಿ ಎಟಿಆರ್, ಎಂಬ್ರೇರ್‌ನಂತಹ ಚಿಕ್ಕ ವಿಮಾನಗಳೂ ಹಾರುತ್ತವೆ. ಇವುಗಳಲ್ಲಿ ತಲೆಯ ಮೇಲಿನ ಗೂಡು ಕಿರಿದು. ಗಾಲಿಯಿರುವ ಗಟ್ಟಿ ಪೆಟ್ಟಿಗೆ ಅದರಲ್ಲಿ ಹಿಡಿಸದಿದ್ದರೆ ಸಿಬ್ಬಂದಿ ಅದನ್ನು ವಿಮಾನದ ಬಾಗಿಲ ಬಳಿಯೇ ತೆಗೆದುಕೊಂಡು ಕೆಳಗಿನ ಕೋಣೆಗೆ ಕಳಿಸುತ್ತಾರೆ. ಆಗ ಬ್ಯಾಟರಿಯನ್ನು ಅಲ್ಲಿಯೇ, ಸಾಲಿನಲ್ಲಿ ನಿಂತಂತೆಯೇ ಬಿಚ್ಚಬೇಕು. ತಿರುಪುಳಿ ಹುಡುಕುತ್ತ ಕೂರುವ ಸಮಯ ಅದಲ್ಲ.

ತೂಕದ ಮಾತು ಇದಕ್ಕಿಂತಲೂ ಮುಖ್ಯ. ದೇಶದೊಳಗಿನ ಸಾಮಾನ್ಯ ದರ್ಜೆಯಲ್ಲಿ ಬಹುತೇಕ ಕೈಸಾಮಾನು 7 ಕಿಲೋ, ಒಪ್ಪಿಸುವ ಸಾಮಾನು 15 ಕಿಲೋ. ಗೋಕಾಕದ ಕರದಂಟಿನ ವ್ಯಾಪಾರಿಯೊಬ್ಬರು ಮಾದರಿಗಳೊಡನೆ ದೆಹಲಿಗೆ ಹೊರಟಿದ್ದಾರೆಂದು ಇಟ್ಟುಕೊಳ್ಳೋಣ. ಬ್ಯಾಟರಿ, ಮೋಟಾರು, ತಂತಿಗಳನ್ನೊಳಗೊಂಡ ಕ್ಯಾಬಿನ್ ಪೆಟ್ಟಿಗೆಯ ತೂಕವೇ 4 ಕಿಲೋ ಆದರೆ ಉಳಿಯುವುದು 3. ಲ್ಯಾಪ್‌ಟಾಪ್ ಮತ್ತು ಅದರ ಚಾರ್ಜರಿಗೆ 2 ಕಿಲೋ ಕಳೆದರೆ ಬಟ್ಟೆ, ಕಾಗದಪತ್ರ, ಮಾದರಿ ಎಲ್ಲಕ್ಕೂ ಸೇರಿ ಒಂದೇ ಕಿಲೋ. ಅದೇ ಎರಡು ಕಿಲೋದ ಬಟ್ಟೆಯ ಚೀಲವಾದರೆ ಮೂರು ಕಿಲೋ ಸಿಗುತ್ತದೆ. ಪೆಟ್ಟಿಗೆಯ ತೂಕಕ್ಕೆ ಒಮ್ಮೆ ಹಣ ತೆತ್ತವರು ಪ್ರತಿ ಪ್ರಯಾಣದಲ್ಲಿಯೂ ಮತ್ತೆ ತೆರುತ್ತಾರೆ. ತನ್ನ ತೂಕವನ್ನು ತಾನೇ ತೋರಿಸುವ ಸೌಲಭ್ಯಕ್ಕೆ ಬದಲಾಗಿ ಕೈಯಲ್ಲಿ ಹಿಡಿದು ತೂಗುವ ಕೊಕ್ಕೆಯ ತಕ್ಕಡಿ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಅದು ಮನೆಯಲ್ಲಿಯೇ ಇರಲಿ, ಪ್ರಯಾಣಕ್ಕೆ ಬರಬೇಕಾಗಿಲ್ಲ.

ಪತ್ತೆ ಹಚ್ಚುವ ಬಿಲ್ಲೆ

ಸ್ಮಾರ್ಟ್ ಪೆಟ್ಟಿಗೆಯ ಗುಣಗಳಲ್ಲಿ ನಿಜವಾಗಿ ಬೆಲೆಯುಳ್ಳದ್ದು ಒಂದೇ: ತಾನೆಲ್ಲಿದ್ದೇನೆ ಎಂದು ತಿಳಿಸುವುದು. ಈ ಒಂದು ಗುಣವನ್ನು ಪ್ರತ್ಯೇಕವಾಗಿ ಕೊಳ್ಳಬಹುದು. ಆಪಲ್ ಕಂಪನಿಯ ಏರ್‌ಟ್ಯಾಗ್ 2021ರಲ್ಲಿ ಬಂದಾಗ ಭಾರತದಲ್ಲಿ ಅದರ ಬೆಲೆ 3,190 ರೂಪಾಯಿ ಇತ್ತು. ಆಂಡ್ರಾಯ್ಡ್ ಫೋನುಗಳಿಗೆ ಹೊಂದುವ ಬಿಲ್ಲೆಗಳೂ ನಂತರ ಬಂದವು. ಏರ್‌ಟ್ಯಾಗ್‌ನಲ್ಲಿರುವ ನಾಣ್ಯದಾಕಾರದ ಕೋಶದಲ್ಲಿ ಲಿಥಿಯಂ ಪ್ರಮಾಣ ಸುಮಾರು 0.1 ಗ್ರಾಂ, ನಿಯಮದ ಮಿತಿ 0.3 ಗ್ರಾಂ. ಆದ್ದರಿಂದ ಇದನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿಯೂ ಇಡಬಹುದು. 2022ರ ಅಕ್ಟೋಬರಿನಲ್ಲಿ ಲುಫ್ತಾನ್ಸಾ ಈ ಬಗ್ಗೆ ಗೊಂದಲದ ಹೇಳಿಕೆ ನೀಡಿ, ಕೆಲವೇ ದಿನಗಳಲ್ಲಿ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು.

ಇದರ ಕೆಲಸದ ರೀತಿಯನ್ನು ತಿಳಿದಿರಬೇಕು. ಇದು ಉಪಗ್ರಹದೊಡನೆ ಮಾತನಾಡುವುದಿಲ್ಲ. ಹತ್ತಿರ ಸುಳಿಯುವ ಪರರ ಫೋನುಗಳಿಗೆ ಬ್ಲೂಟೂತ್ ಸಂಕೇತ ಕಳುಹಿಸುತ್ತದೆ. ಆ ಫೋನುಗಳು ಸ್ಥಳವನ್ನು ಮುಟ್ಟಿಸುತ್ತವೆ. ಹಿಡಕಲ್ ಜಲಾಶಯದ ದಾರಿಯಲ್ಲಿ ಬಿದ್ದ ಚೀಲವನ್ನು ಇದು ಬೇಗ ತೋರಿಸಲಾರದು. ಸಾವಿರಾರು ಫೋನುಗಳು ಓಡಾಡುವ ಬೆಂಗಳೂರು, ಮುಂಬಯಿ ನಿಲ್ದಾಣಗಳಲ್ಲಿ ಚೆನ್ನಾಗಿ ತೋರಿಸುತ್ತದೆ. ಸಾಮಾನು ತಪ್ಪುವುದೂ ಅಲ್ಲಿಯೇ. ಸೀಟಾ ಸಂಸ್ಥೆಯ ವರದಿಯಂತೆ 2024ರಲ್ಲಿ ಜಗತ್ತಿನಾದ್ಯಂತ ಸಾವಿರ ಪ್ರಯಾಣಿಕರಿಗೆ 6.3 ಸಾಮಾನುಗಳು ಎಡವಟ್ಟಾದವು; 2007ರಲ್ಲಿ ಈ ಸಂಖ್ಯೆ 18.88 ಇತ್ತು. 2024ರ ಪ್ರಕರಣಗಳಲ್ಲಿ ಶೇ. 74 ತಡವಾಗಿ ಬಂದವು, ಶೇ. 18 ಹಾನಿಗೊಂಡವು, ಕಳೆದುಹೋದ ಅಥವಾ ಕಳುವಾದವು ಶೇ. 8. ಅಂದರೆ ಎರಡು ಸಾವಿರ ಪ್ರಯಾಣಿಕರಲ್ಲಿ ಸರಿಸುಮಾರು ಒಬ್ಬರ ಪೆಟ್ಟಿಗೆ. ವಿಮಾನ ಬದಲಿಸುವಲ್ಲಿ ಆದ ತಪ್ಪುಗಳೇ ಶೇ. 41. ಸಾಂಬ್ರಾದಿಂದ ಹೊರಟು ವಿದೇಶಕ್ಕೆ ಹೋಗುವವರು ಎಲ್ಲಿಯಾದರೂ ವಿಮಾನ ಬದಲಿಸಲೇಬೇಕಲ್ಲವೇ?

ಬಿಲ್ಲೆಯು ಪೆಟ್ಟಿಗೆಯನ್ನು ಬೇಗ ತಂದುಕೊಡುವುದಿಲ್ಲ. ‘ನಿಮ್ಮ ಸಾಮಾನು ಬಂದಿಲ್ಲ’ ಎನ್ನುವ ಕೌಂಟರಿನಲ್ಲಿ ‘ಅದು ಮುಂಬಯಿಯಲ್ಲಿಯೇ ಉಳಿದಿದೆ’ ಎಂದು ಹೇಳುವ ಆಧಾರವನ್ನು ಒದಗಿಸುತ್ತದೆ. ಈ ಸ್ಥಳಮಾಹಿತಿಯನ್ನು ವಿಮಾನ ಸಂಸ್ಥೆಗೆ ನೇರವಾಗಿ ಹಂಚಿಕೊಳ್ಳುವ ವ್ಯವಸ್ಥೆಯನ್ನು ಆಪಲ್ 2024ರ ಕೊನೆಯಲ್ಲಿ ಒದಗಿಸಿತು. ಏರ್ ಇಂಡಿಯಾ 2025ರ ಏಪ್ರಿಲ್‌ನಲ್ಲಿ ಅದನ್ನು ತನ್ನ ಆ್ಯಪ್‌ನಲ್ಲಿ ಅಳವಡಿಸಿತು.

ಪರಿಹಾರದ ಮಿತಿ

ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿಯೊಂದು ಟಿಕೆಟ್ಟಿನ ಷರತ್ತುಗಳಲ್ಲಿ ಅಡಗಿದೆ. ಹಣ, ಆಭರಣ, ಎಲೆಕ್ಟ್ರಾನಿಕ್ ಉಪಕರಣಗಳ ಜೊತೆಗೆ ವ್ಯವಹಾರದ ದಾಖಲೆಪತ್ರ ಹಾಗೂ ಮಾದರಿಗಳನ್ನೂ ಒಪ್ಪಿಸುವ ಸಾಮಾನಿನಲ್ಲಿ ಇಡಬಾರದೆಂದೂ, ಇಟ್ಟರೆ ಹೊಣೆಯಿಲ್ಲವೆಂದೂ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಬರೆದಿರುತ್ತವೆ. ನಮಗೆ ಅತಿ ಮುಖ್ಯವಾದ ವಸ್ತುಗಳೇ ಇವು! ದೇಶದೊಳಗಿನ ಪ್ರಯಾಣದಲ್ಲಿ ಸಾಮಾನಿನ ಪರಿಹಾರದ ಗರಿಷ್ಠ ಮಿತಿ 20,000 ರೂಪಾಯಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಡಂಬಡಿಕೆಯ ಮಿತಿಯು 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ಇಪ್ಪತ್ತು ಸಾವಿರದ ಪೆಟ್ಟಿಗೆ ಕೊಂಡವರಿಗೆ ಪೆಟ್ಟಿಗೆಯ ಬೆಲೆಯಷ್ಟೇ ಬಂದೀತು, ಒಳಗಿನ ಸರಕಿಗೆ ಏನೂ ಉಳಿಯದು.

ಆದ್ದರಿಂದ ವರ್ಷಕ್ಕೆ ನಾಲ್ಕಾರು ಬಾರಿ ಹಾರುವವರಿಗೆ ಹಗುರವಾದ, ಗಟ್ಟಿ ಗಾಲಿಗಳ ಸಾಧಾರಣ ಸೂಟ್‌ಕೇಸ್, ಒಂದು ಬಿಲ್ಲೆ, ಒಂದು ಕೊಕ್ಕೆಯ ತಕ್ಕಡಿ ಸಾಕೆಂಬುದು ನನ್ನ ಅಭಿಪ್ರಾಯ. ಯುಎಸ್‌ಬಿ ಕಿಂಡಿ ಮಾತ್ರವಿದ್ದು, ಒಳಗೆ ನಮ್ಮದೇ ಪವರ್ ಬ್ಯಾಂಕ್ ಇಟ್ಟುಕೊಳ್ಳುವ ಪೆಟ್ಟಿಗೆಗಳೂ ಇವೆ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ಇವುಗಳಿಗೆ ನನ್ನ ಆಕ್ಷೇಪವಿಲ್ಲ, ಒಪ್ಪಿಸುವ ಮುನ್ನ ಪವರ್ ಬ್ಯಾಂಕನ್ನು ತೆಗೆಯುವ ಎಚ್ಚರವಿದ್ದರೆ ಆಯಿತು. ಮರೆತರೆ ತಪಾಸಣೆಯ ಯಂತ್ರದಲ್ಲಿ ಅದು ಕಂಡು, ಹೆಸರು ಹಿಡಿದು ಕೂಗುತ್ತಾರೆ. ವಾರವಾರವೂ ಹಾರುವವರು ಪೂರ್ಣ ಸ್ಮಾರ್ಟ್ ಪೆಟ್ಟಿಗೆಯನ್ನೇ ಬಯಸಿದಲ್ಲಿ, ಅಂಗಡಿಯಲ್ಲಿಯೇ ಬ್ಯಾಟರಿಯನ್ನು ಬರಿಗೈಯಿಂದ ಬಿಚ್ಚಿ ನೋಡಲಿ. ಅದರ ಮೇಲೆ ವ್ಯಾಟ್-ಗಂಟೆ ಮುದ್ರಿತವಾಗಿದೆಯೇ ಎಂದು ಓದಲಿ. ಖಾಲಿ ಪೆಟ್ಟಿಗೆಯನ್ನು ತೂಗಿಸಲಿ. ಬೆಳಗಾವಿಯಲ್ಲಿ ದುರಸ್ತಿ ಕೇಂದ್ರ ಇದೆಯೇ ಎಂದು ಕೇಳಲಿ. ವ್ಯವಹಾರಕ್ಕಾಗಿ ಕೊಳ್ಳುವವರು ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲನ್ನು ಪಡೆಯಬೇಕು. ಸೂಟ್‌ಕೇಸುಗಳ ತೆರಿಗೆಯನ್ನು 2017ರ ನವೆಂಬರಿನಲ್ಲಿ ಶೇ. 28ರಿಂದ 18ಕ್ಕೆ ಇಳಿಸಲಾಯಿತು. ಸ್ವಂತ ಬಳಕೆಯ ಪೆಟ್ಟಿಗೆಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು.

ಯಾವ ಪೆಟ್ಟಿಗೆಯಾದರೂ ಸರಿ, ಅದು ಬಾರದಿದ್ದಲ್ಲಿ ಅಥವಾ ಒಡೆದು ಬಂದಲ್ಲಿ ನಿಲ್ದಾಣದಿಂದ ಹೊರಬೀಳುವ ಮುನ್ನವೇ ಪಿಐಆರ್ ಎಂಬ ದೂರುಪತ್ರವನ್ನು ಬರೆಯಿಸಿ ಅದರ ಪ್ರತಿಯನ್ನು ಪಡೆಯಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ದೂರಿಗೆ 7 ದಿನ, ತಡವಾಗಿ ಬಂದ ಸಾಮಾನಿನ ದೂರಿಗೆ ಅದು ಕೈಸೇರಿದಂದಿನಿಂದ 21 ದಿನಗಳ ಗಡುವು ಇದೆ. ದೂರು ಲಿಖಿತವಾಗಿಯೇ ಇರತಕ್ಕದ್ದು. ಬೋರ್ಡಿಂಗ್ ಪಾಸ್ ಹಾಗೂ ಸಾಮಾನಿನ ಚೀಟಿಯನ್ನು ಅಲ್ಲಿಯವರೆಗೆ ಎಸೆಯಬಾರದು.