ರೈಲುಬಂಡಿಯೂ ಮದ್ಯದ ಪೀಪಾಯಿಗಳೂ

ಒಂದು ಸೀಮೆಯವರು ತಮ್ಮಲ್ಲಿ ಮದ್ಯವನ್ನು ಮಾರಕೂಡದೆಂದು ಕಟ್ಟುಮಾಡಿದರೆ, ಅದು ಹೊರಗಿನಿಂದ ಬರುವದನ್ನು ತಡೆಯುವ ಅಧಿಕಾರವೂ ಅವರಿಗುಂಟೋ? ಈ ಪ್ರಶ್ನೆಯು ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದ ವ್ಯಾಜ್ಯಕ್ಕೆ ಕಾರಣವಾಯಿತು.

ಅಯೋವ ಸಂಸ್ಥಾನದ ಕಾನೂನಿನ ಪ್ರಕಾರ, ಮದ್ಯವನ್ನು ತರಿಸುವವನಿಗೆ ಮಾರುವ ಅಪ್ಪಣೆ ಉಂಟೆಂಬ ಪತ್ರವಿಲ್ಲದೆ ರೈಲ್ವೆಯವರು ಅದನ್ನು ಹೊರಸೀಮೆಯಿಂದ ತರಕೂಡದಾಗಿತ್ತು. 1886ರಲ್ಲಿ ಬೋಮನ್ ಎಂಬ ವ್ಯಾಪಾರಿಗಳು 5,000 ಪೀಪಾಯಿ ಬೀರನ್ನು ಶಿಕಾಗೋವಿನಿಂದ ಅಯೋವದ ಮಾರ್ಷಲ್‌ಟೌನಿಗೆ ಸಾಗಿಸಲು ಕೇಳಿದಾಗ, ಶಿಕಾಗೋ ಎಂಡ್ ನಾರ್ತ್‌ವೆಸ್ಟರ್ನ್ ರೈಲ್ವೆಯವರು ಒಲ್ಲೆವೆಂದರು. ವ್ಯಾಪಾರಿಗಳು ನಷ್ಟಪರಿಹಾರಕ್ಕಾಗಿ ದಾವೆ ಹೂಡಿದರು. 1888ನೇ ಮಾರ್ಚ್ 19ರಲ್ಲಿ ಶ್ರೇಷ್ಠ ನ್ಯಾಯಾಲಯವು ವ್ಯಾಪಾರಿಗಳ ಪಕ್ಷವಾಗಿ ತೀರ್ಪುಕೊಟ್ಟಿತು. ಸಂಸ್ಥಾನಗಳ ನಡುವಣ ವ್ಯಾಪಾರವು ಕಾಂಗ್ರೆಸ್ ಸಭೆಯ ಅಧಿಕಾರಕ್ಕೆ ಸೇರಿದ್ದು. ಆ ಸಭೆಯ ಅನುಮತಿಯಿಲ್ಲದೆ ಒಂದು ಸಂಸ್ಥಾನವು ಅದನ್ನು ಗಡಿಯಲ್ಲಿ ತಡೆಯಲಾರದೆಂಬದೇ ತೀರ್ಪಿನ ಸಾರ. ಮೂವರು ನ್ಯಾಯಾಧಿಪತಿಗಳು ಇದಕ್ಕೆ ಒಡಂಬಡಲಿಲ್ಲ.

1890ರಲ್ಲಿ ಮತ್ತೊಂದು ತೀರ್ಪಾಯಿತು. ಹೊರಗಿನಿಂದ ಬಂದ ಮದ್ಯವನ್ನು ಒಡೆಯದ ಮೂಲ ಕಟ್ಟಿನಲ್ಲೇ ಮಾರಿದರೆ ಅದನ್ನೂ ಸಂಸ್ಥಾನವು ತಡೆಯಕೂಡದೆಂದಾಯಿತು. ಹೀಗೆ ಊರವನಿಗೆ ನಿಷೇಧವಾದದ್ದು ಪರಸ್ಥಳದವನಿಗೆ ಸಲ್ಲುವದಾಯಿತು. ಕಾಂಗ್ರೆಸ್ ಸಭೆಯು ಅದೇ ವರುಷ, ಸಂಸ್ಥಾನಕ್ಕೆ ಬಂದು ಸೇರಿದ ಮದ್ಯವು ಅಲ್ಲಿಯ ಕಾನೂನಿಗೆ ಒಳಪಡತಕ್ಕದ್ದೆಂದು ವಿಧಿಸಿತು. ಆದರೆ ತರಿಸಿದವನ ಕೈಗೆ ಒಪ್ಪಿಸುವ ತನಕ ಅದು ಬಂದು ಸೇರಿದಂತಾಗದೆಂದು 1898ರಲ್ಲಿ ನ್ಯಾಯಾಲಯವು ಅರ್ಥಮಾಡಿತು.

ಕಡೆಗೆ 1913ರಲ್ಲಿ, ಅಧ್ಯಕ್ಷ ಟಾಫ್ಟರು ನಿರಾಕರಿಸಿದರೂ, ಕಾಂಗ್ರೆಸ್ ಸಭೆಯು ವೆಬ್-ಕೆನ್ಯನ್ ಕಾನೂನನ್ನು ಸ್ಥಾಪಿಸಿ, ಸಂಸ್ಥಾನದ ಕಾನೂನಿಗೆ ವಿರೋಧವಾಗಿ ಅಲ್ಲಿಗೆ ಮದ್ಯವನ್ನು ಸಾಗಿಸುವದನ್ನು ನಿಷೇಧಿಸಿತು. ಪಶ್ಚಿಮ ವರ್ಜೀನಿಯಕ್ಕೆ ಮದ್ಯವನ್ನು ಸಾಗಿಸಲೊಲ್ಲದ ವೆಸ್ಟರ್ನ್ ಮೇರಿಲೆಂಡ್ ರೈಲ್ವೆಯ ಮೇಲೆ ಕ್ಲಾರ್ಕ್ ಡಿಸ್ಟಿಲಿಂಗ್ ಕಂಪೆನಿಯವರು ಹೂಡಿದ ವ್ಯಾಜ್ಯದಲ್ಲಿ, 1917ನೇ ಜನವರಿ 8ರಲ್ಲಿ ನ್ಯಾಯಾಲಯವು ಆ ಕಾನೂನನ್ನು ಎತ್ತಿಹಿಡಿಯಿತು. 1920ರಲ್ಲಿ ಜಾರಿಗೆ ಬಂದ ದೇಶವ್ಯಾಪಿ ಪಾನನಿಷೇಧವು 1933ರಲ್ಲಿ ರದ್ದಾಯಿತು. ಆದರೂ ಅದನ್ನು ರದ್ದುಮಾಡಿದ ತಿದ್ದುಪಡಿಯೇ ಸಂಸ್ಥಾನಗಳ ಈ ಅಧಿಕಾರವನ್ನು ರಾಜ್ಯಾಂಗದಲ್ಲಿ ಬರೆದಿಟ್ಟಿತು.

ಇದರಿಂದ ನಾವು ಕಲಿಯತಕ್ಕದ್ದೇನು? 1888ರ ತೀರ್ಪು ಮದ್ಯವು ಒಳ್ಳೇದೆಂದು ಹೇಳಲಿಲ್ಲ. ಬಾಗಲನ್ನು ಮುಚ್ಚುವ ಅಧಿಕಾರವು ಯಾರದೆಂಬದನ್ನು ಮಾತ್ರ ಹೇಳಿತು. ಒಳ್ಳೇ ಉದ್ದೇಶವಿದ್ದರೂ ಸರಿಯಾದ ಅಧಿಕಾರವಿಲ್ಲದ ಕಟ್ಟಳೆಯು ನಿಲ್ಲದು. ಇನ್ನೊಂದುಂಟು: ಬಂಡಿಯು ತಾನಾಗಿ ಮದ್ಯವನ್ನು ತರಲಿಲ್ಲ, ತರಿಸುವವನಿದ್ದದರಿಂದಲೇ ತಂದಿತು. ಗಡಿಯ ಬಾಗಲನ್ನು ಕಾನೂನು ಕಾಯಬಹುದು. ಮನೆಯ ಬಾಗಲನ್ನು ಮನೆಯವರೇ ಕಾಯಬೇಕು.

ವಿಚಾರಿಸತಕ್ಕ ಪ್ರಶ್ನೆಗಳು: 1. ಅಯೋವದ ಕಾನೂನು ಯಾವ ಕಾರಣದಿಂದ ಬಿದ್ದುಹೋಯಿತು? 2. 1917ರ ತೀರ್ಪು ಬೇರೆಯಾಗುವದಕ್ಕೆ ನಡುವೆ ಏನು ನಡೆಯಿತು?