ಆಗುಂಬೆಯ ಹಾದಿಯ ಜಮಾಖರ್ಚು

ಬಸ್ಸಿನ ಚೀಟಿಯ ಮೇಲೆ ಅಚ್ಚಾದ ಮೊತ್ತವೇ ಪ್ರಯಾಣದ ವೆಚ್ಚವೆಂದು ನಂಬಿದರೆ ಹತ್ತಿರದ ಊರುಗಳಿಗೆ ಹೋಗಿಬರುವವನಿಗೆ ಹೆಚ್ಚಿನ ಹಾನಿಯೇನೂ ಒದಗದು. ಆದರೆ ಕಲಘಟಗಿ ತಾಲ್ಲೂಕಿನ ನಮ್ಮ ಮಿಶ್ರಿಕೋಟಿಯಂಥ ಗ್ರಾಮದಿಂದ ಹೊರಟು, ಸಹ್ಯಾದ್ರಿಯ ನಿತ್ಯಹರಿದ್ವರ್ಣ ಅರಣ್ಯದ ನಡುವೆ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯನ್ನು ಮುಟ್ಟಬೇಕಾದವನಿಗೆ ಆ ಮೊತ್ತವು ಲೆಕ್ಕದ ಮೊದಲ ಸಾಲು ಮಾತ್ರ. ಮಗಳಿಗೆ ಆ ಸೀಮೆಯ ಸರಕಾರಿ ಶಾಲೆಯೊಂದರಲ್ಲಿ ಅಧ್ಯಾಪಿಕೆಯ ಕೆಲಸ ದೊರೆತಂದಿನಿಂದ, ನಿವೃತ್ತಿವೇತನದಲ್ಲಿ ಸಂಸಾರ ಸಾಗಿಸುವ ನಮಗೆ ಈ ಪ್ರಯಾಣವು ವಿಹಾರವಾಗಿ ಉಳಿಯದೆ ಮನೆಯ ಆಯವ್ಯಯದ ಕಾಯಂ ಬಾಬಾಗಿ ಪರಿಣಮಿಸಿದೆಯಾದ ಕಾರಣ, ಇರುವ ಹಾದಿಗಳನ್ನೆಲ್ಲ ತೂಗಿ ನೋಡುವ ಅವಕಾಶ ನನಗೆ ಸಾಕಷ್ಟು ದೊರೆತಿದೆ.

ಮೊದಲನೆಯದು ಎಲ್ಲರೂ ಹಿಡಿಯುವ ಹಾದಿ: ಬಸ್ಸಿನಲ್ಲೋ ಟಂಟಂನಲ್ಲೋ ಹುಬ್ಬಳ್ಳಿಗೆ ಬಂದು, ಹಾವೇರಿ, ರಾಣೇಬೆನ್ನೂರುಗಳ ಮೇಲೆ ಶಿವಮೊಗ್ಗೆಗೆ ಹೋಗಿ, ತೀರ್ಥಹಳ್ಳಿಯ ಮಾರ್ಗವಾಗಿ ಆಗುಂಬೆಯನ್ನು ಸೇರುವುದು. 2023ರ ಜೂನ್ 11ರಂದು ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನನ್ನ ಮನೆಯವರಿಗೆ ಸರಕಾರಿ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿನ ಹೊರೆಯಿಲ್ಲ. 2025ರ ಜನವರಿ 5ರಿಂದ ಶೇಕಡ 15ರಷ್ಟು ಏರಿದ ದರ ನನ್ನೊಬ್ಬನ ಪಾಲಿಗೆ ಬಂದರೂ, ಹಿರಿಯ ನಾಗರಿಕರಿಗೆ ದೊರೆಯುವ ಶೇಕಡ 25ರ ರಿಯಾಯಿತಿ ಅದನ್ನು ಮರೆಸುತ್ತದೆ. ಆದರೆ ಈ ಔದಾರ್ಯವೆಲ್ಲ ಬಹುಮಟ್ಟಿಗೆ ಶಿವಮೊಗ್ಗೆಯಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಖಾಸಗಿ ಬಸ್ಸುಗಳದೇ ಪ್ರಾಬಲ್ಯವಿದ್ದು, ಅಲ್ಲಿ ಶಕ್ತಿಯೂ ಸಲ್ಲದು, ವಯಸ್ಸೂ ಸಲ್ಲದು. ಆ ಬಸ್ಸುಗಳಾದರೂ ಶಾಶ್ವತವೆಂದು ಭಾವಿಸಲಾಗದು: ಕೊಪ್ಪವನ್ನು ಕೇಂದ್ರವಾಗಿಟ್ಟುಕೊಂಡು ಕಾರ್ಮಿಕರೇ ಒಡೆಯರಾಗಿ 1991ರಿಂದ ನಡೆಸಿಕೊಂಡು ಬಂದ ಸಹಕಾರ ಸಾರಿಗೆಯಂಥ ಜನಪ್ರಿಯ ಸಂಸ್ಥೆಯೂ 2020ರಲ್ಲಿ ನಷ್ಟದ ಭಾರದಿಂದ ನಿಂತುಹೋಯಿತಷ್ಟೆ.

ಎರಡನೆಯದು ರೈಲು. ಹುಬ್ಬಳ್ಳಿಯಿಂದ ಬೀರೂರಿನವರೆಗೆ ಆಗ್ನೇಯಕ್ಕೆ ಸಾಗಿ, ಅಲ್ಲಿ ಗಾಡಿ ಬದಲಿಸಿ, ಮತ್ತೆ ವಾಯವ್ಯಕ್ಕೆ ಶಿವಮೊಗ್ಗೆಯತ್ತ ತಿರುಗುವ ಈ ಬಳಸುಹಾದಿಯಲ್ಲಿ ಸಾಮಾನ್ಯ ದರ್ಜೆಯ ದರವು ಅತ್ಯಲ್ಪವೇ ಆದರೂ, ಬೀರೂರಿನ ನಿರೀಕ್ಷಣೆ ದೀರ್ಘವಾದರೆ ಊಟ, ಕಾಫಿ, ಕೆಲವೊಮ್ಮೆ ರಾತ್ರಿಯ ವಸತಿಯೂ ಖರ್ಚಿನ ಪಟ್ಟಿಗೆ ಸೇರುತ್ತವೆ. ಹಿರಿಯರಿಗೆ ಮೊದಲು ರೈಲ್ವೆಯವರು ಕೊಡುತ್ತಿದ್ದ ರಿಯಾಯಿತಿಯೂ 2020ರ ಮಾರ್ಚಿನಿಂದ ಇಲ್ಲ.

ಮೂರನೆಯದು ಕರಾವಳಿಯ ಹಾದಿ. ಕಲಘಟಗಿ, ಯಲ್ಲಾಪುರಗಳನ್ನು ದಾಟಿ, ಅರಬೈಲ ಘಟ್ಟವನ್ನಿಳಿದು, ಅಂಕೋಲೆಯಿಂದ ಬಸ್ಸಿನಲ್ಲಾಗಲಿ ಕೊಂಕಣ ರೈಲಿನಲ್ಲಾಗಲಿ ಉಡುಪಿಗೆ ಹೋಗಿ, ಹೆಬ್ರಿ, ಸೋಮೇಶ್ವರಗಳ ಮೇಲೆ ಮಿನಿಬಸ್ಸಿನಲ್ಲಿ ಆಗುಂಬೆ ಘಟ್ಟವನ್ನೇರುವುದು. 1990ರ ದಶಕದಲ್ಲಿಯೇ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗವು ಅರಣ್ಯನಾಶದ ಆಕ್ಷೇಪಗಳಿಂದ ತಡೆಗೊಳ್ಳದೆ ಪೂರ್ಣಗೊಂಡಿದ್ದರೆ ಈ ಹಾದಿಯೇ ನಮಗೆ ಸುಲಭವಾಗುತ್ತಿತ್ತೋ ಏನೋ. ಆದರೆ ಮಗಳು ವಾಸಿಸುವ ಮಳೆಯೂರನ್ನು ಉಳಿಸಿರುವುದೂ ಅಂಥದೇ ಕಾಡೆಂಬುದನ್ನು ನೆನೆದಾಗ ಆ ಕೊರತೆಯನ್ನು ದೂರಲು ಮನಸ್ಸಾಗದು. ಮಳೆಗಾಲದಲ್ಲಂತೂ ಈ ದಾರಿ ವಿಶ್ವಾಸಾರ್ಹವಲ್ಲ: ಕೊಂಕಣ ರೈಲಿಗೆ ಆಗ ಪ್ರತ್ಯೇಕ ವೇಳಾಪಟ್ಟಿ, 2024ರ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದುದು ಎಲ್ಲರಿಗೂ ತಿಳಿದ ಸಂಗತಿ.

ಉಳಿದದ್ದು ಬಾಡಿಗೆಯ ಕಾರು. ನಮ್ಮೂರಿನ ಚಾಲಕನೊಬ್ಬ, “ಹೋಗೋದಷ್ಟ ಅಲ್ರೀ ಮಾಸ್ತರ, ಬರೋದೂ ಹಿಡೀರಿ, ಗಾಡಿ ಖಾಲಿ ಬಂದ್ರೂ ಡೀಸೆಲ್ ಕುಡಿತೈತಿ” ಎಂದು ಒಂದೇ ಮಾತಿನಲ್ಲಿ ಈ ವ್ಯವಹಾರದ ಮರ್ಮವನ್ನು ಹೇಳಿದ್ದುಂಟು. ಹೋಗಿಬರಲು ಸುಮಾರು 600 ಕಿಲೋಮೀಟರು, ಕಿಲೋಮೀಟರಿಗೆ 15 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, ಚಾಲಕನ ಭತ್ಯೆ, ಟೋಲುಗಳನ್ನು ಬಿಟ್ಟು 9,000 ರೂಪಾಯಿ. ಇಬ್ಬರಿಗೆ ತಲಾ 4,500 ಬೀಳುವ ಈ ಮೊತ್ತ ನಾಲ್ವರಿಗೆ ತಲಾ 2,250 ಆಗುತ್ತದೆ. ಆದರೆ ದಿನಕ್ಕೆ ಕನಿಷ್ಠ 300 ಕಿಲೋಮೀಟರಿನ ಕರಾರಿದ್ದಲ್ಲಿ, ಮಗಳ ಮನೆಯಲ್ಲಿ ಒಂದು ದಿನ ಹೆಚ್ಚು ತಂಗಿದೊಡನೆ, ಗಾಡಿ ಅಂಗಳದಲ್ಲಿ ಸುಮ್ಮನೆ ನಿಂತಿದ್ದರೂ, ಇನ್ನೊಂದು 4,500 ಏರುತ್ತದೆ. ಆದಕಾರಣ ಕಾರು ಬಹುಜನರ ಅಲ್ಪಾವಧಿಯ ಪ್ರವಾಸಕ್ಕೆ ತಕ್ಕುದೇ ಹೊರತು, ಇಬ್ಬರ ದೀರ್ಘ ವಾಸಕ್ಕೆ ತಕ್ಕುದಲ್ಲ.

ಇವೆಲ್ಲವುಗಳಿಂದ ನಾನು ಕಂಡುಕೊಂಡ ಸೂತ್ರವೆಂದರೆ, ಇಂಥ ಪ್ರಯಾಣದ ಲೆಕ್ಕವನ್ನು ಮನೆಯ ಬಾಗಿಲಿನಿಂದಲ್ಲ, ಗಮ್ಯದ ತುದಿಯಿಂದ ಹಿಂದುಮುಂದಾಗಿ ಹಾಕತಕ್ಕದ್ದು. ತೀರ್ಥಹಳ್ಳಿಯಿಂದ ಆಗುಂಬೆಗೆ ಕಡೆಯ ಬಸ್ಸು ಎಷ್ಟು ಹೊತ್ತಿಗೆಂದು ಮೊದಲು ದೂರವಾಣಿಯಲ್ಲಿ ವಿಚಾರಿಸಿ, ಅದಕ್ಕೆ ಹೊಂದುವಂತೆ ಶಿವಮೊಗ್ಗೆಯನ್ನೂ, ಅದಕ್ಕೆ ಹೊಂದುವಂತೆ ಹುಬ್ಬಳ್ಳಿಯನ್ನೂ ನಿಗದಿಮಾಡಿಕೊಂಡರೆ, ಊರಿನಿಂದ ಎಷ್ಟು ಹೊತ್ತಿಗೆ ಹೊರಡಬೇಕೆಂಬುದು ತಾನಾಗಿ ಹೊರಬೀಳುತ್ತದೆ. ಟಿಕೆಟ್ಟಿನಲ್ಲಿ ನೂರಿನ್ನೂರು ಉಳಿಸಲು ಹೋಗಿ ಆ ಕಡೆಯ ಬಸ್ಸು ತಪ್ಪಿದರೆ, ವಸತಿಗೃಹದ ಬಾಡಿಗೆ ಆ ಉಳಿತಾಯವನ್ನು ಹಲವು ಪಟ್ಟಾಗಿ ನುಂಗುವುದು ನಿಶ್ಚಿತ. ನಮ್ಮ ಮಟ್ಟಿಗೆ ನಸುಕಿನ ಸರಕಾರಿ ಬಸ್ಸೇ ಅಗ್ಗ. ಮಳೆಗಾಲದಲ್ಲಿ ಒಂದು ರಾತ್ರಿಯ ವಸತಿಯ ಹಣವನ್ನು ಬೇರೆಯಾಗಿಯೇ ಇಟ್ಟುಕೊಂಡು ಹೊರಡುತ್ತೇವೆ. ಈ ನಿಧಿಗೆ ಐದು ವರ್ಷ ಕಟ್ಟಬೇಕಾದ ಅಂಚೆಯ ಆವರ್ತಕ ಠೇವಣಿ ಒಗ್ಗದು. ಬೇಕೆಂದಾಗ ಕೈಗೆ ಬರುವ ಉಳಿತಾಯ ಖಾತೆಯಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಕೂಡಿಡುವುದೇ ಲೇಸು.